ತತ್ತಿ ಪಲ್ಲೆಯ ಉಪ್ಪು

ಕಾದ ಎಣ್ಣೆಗೆ ಮೆಂತ್ಯೆ ಪಲ್ಲೆ ಬಿದ್ದು, ಅದರ ಕಹಿ ಇನ್ನೂ ಗಾಳಿಯಲ್ಲಿ ಇರುವಾಗಲೇ ಮೇಲೆ ಕೋಳಿ ತತ್ತಿ ಒಡೆದು ಹಾಕಿದರೆ ಒಂದು ವಾಸನೆ ಏಳುತ್ತದೆ. ಅದು ಹಸಿ ವಾಸನೆಯೂ ಅಲ್ಲ, ಬೆಂದ ವಾಸನೆಯೂ ಅಲ್ಲ. ಎರಡು ಉಸಿರಿನಷ್ಟು ಹೊತ್ತು ಇದ್ದು ಹೋಗಿಬಿಡುತ್ತದೆ. ಇವತ್ತು ಮುಂಜಾನೆ ಯಾದಗಿರಿಯ ನಮ್ಮ ಅಡುಗೆಮನೆಯಲ್ಲಿ ಅದು ಎದ್ದಾಗ ಮಗಳ ಶಾಲೆಯ ಆಟೋ ಬರುವುದಕ್ಕೆ ಇಪ್ಪತ್ತೇ ನಿಮಿಷ ಉಳಿದಿತ್ತು. ನಾನು ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ.

ಬಾಣಲಿಯೂ ಅದೇ. ಒಂದು ಕಿವಿ ಮುರಿದ ಕಬ್ಬಿಣದ ಬಾಣಲಿ. ಮದುವೆಯಾದ ಮೇಲೆ ಮನೆಗೆ ಹೊಸ ಹೊಸ ಪಾತ್ರೆಗಳು ಎಷ್ಟೋ ಬಂದವು, ಹೋದವು. ಇದನ್ನು ಮಾತ್ರ ನಾನು ಯಾರಿಗೂ ಮುಟ್ಟಗೊಡುವುದಿಲ್ಲ. ಅತ್ತೆ ಎರಡು ಸಲ ಗುಜರಿಯವನಿಗೆ ಕೊಡಲು ನೋಡಿದರು, ಎರಡು ಸಲವೂ ನನ್ನ ಬಾಯಿಗೆ ಹೆದರಿ ಸುಮ್ಮನಾದರು. ನನಗೆ ಮೊದಲಿನಿಂದಲೂ ಬಾಯಿ ಜೋರು. ಆ ಬಾಯಿಯಿಂದಲೇ ಒಬ್ಬ ಹೆಣ್ಣುಮಗಳು ಜೀವಮಾನವಿಡೀ ಕಾಯ್ದುಕೊಂಡು ಬಂದದ್ದನ್ನು ನಾನು ಕಳೆದೆ. ಈ ಬಾಣಲಿ ಆಕೆಯದು.

ಆಕೆಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಆದರೆ ಆಕೆ ನನಗೆ ಬಂಧುವೂ ಅಲ್ಲ, ಬಳಗವೂ ಅಲ್ಲ. ಸೈದಾಪುರದಲ್ಲಿ ನಾನು ಬಾಡಿಗೆಗಿದ್ದ ಖೋಲಿಯ ಒಡತಿ. ಕಡೇಚೂರಿನ ಕಡೆ ಕಾರ್ಖಾನೆಗಳು ಆಗಿನ್ನೂ ಒಂದೊಂದೇ ಶುರುವಾಗುತ್ತಿದ್ದವು. ಅಲ್ಲೊಂದು ಗುಳಿಗೆ ಕಾರ್ಖಾನೆಯಲ್ಲಿ ನನಗೆ ಪ್ಯಾಕಿಂಗ್ ಕೆಲಸ ಸಿಕ್ಕಿತು. ಸುರಪುರ ತಾಲೂಕಿನ ಹೊಳೆದಂಡೆಯ ನಮ್ಮ ಊರಿನಿಂದ ಒಂದು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ಬಂದೆ. ನಮ್ಮಪ್ಪ ಕೃಷ್ಣೆಯಲ್ಲಿ ಹರಗೋಲು ಹಾಕಿ ಮೀನು ಹಿಡಿಯುವವನು. ಆಯಿಯದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವುದು ಆಕೆಯ ಉದ್ಯೋಗ.

ಮೊದಲ ದಿನ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದಳು.

"ಯಾರ ಪೈಕಿ ಬೇ?"

"ಅಂಬಿಗರ ಪೈಕಿರಿ."

"ಹೊಳಿ ಮಂದಿ. ಮೀನ ಬಿಟ್ಟು ಇರ್ತೀ?"

"ಇರ್ತೀನ್ರಿ."

"ಮೀನ, ಖಂಡ, ತತ್ತಿ, ಯಾವುದೂ ಈ ಹೊಸ್ತಲ ದಾಟಿ ಒಳಗ ಬರಬಾರದು. ಹೊರಗ ಎಲ್ಲೆರೆ ತಿಂದು ಬಾ, ನಾ ಏನ್ ನಿನ್ನ ಬಾಯಿ ಮೂಸಿ ನೋಡಂಗಿಲ್ಲ."

ಮಾತು ಖಡಕ್ಕು, ಆಕೆಯ ರೊಟ್ಟಿಯ ಹಾಗೆಯೇ. ನನಗೆ ಅದು ಹಿಡಿಸಿತು. ನಮ್ಮವ್ವನೂ ಹೀಗೇ ಮಾತಾಡುವವಳು.

ಆಯಿಗೆ ವಾರದ ದಿನಗಳೆಲ್ಲ ಒಂದು, ಸೋಮವಾರ ಒಂದು. ಸೋಮವಾರ ಬೆಳಗಾಗುವ ಮೊದಲೇ ಎದ್ದು ಜಳಕ ಮಾಡಿ, ಪೂಜೆ ಮುಗಿಸಿ, ಯಾರೊಂದಿಗೂ ಮಾತಾಡದೆ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಅವತ್ತಿನ ರೊಟ್ಟಿ ಖಾನಾವಳಿಗಲ್ಲ, ಊರ ಮಠದ ದಾಸೋಹಕ್ಕೆ. ಎರಡು ಬುಟ್ಟಿ ತುಂಬಿ, ಮೇಲೆ ಬಿಳಿ ಅರಿವೆ ಮುಚ್ಚಿ, ಒಂದನ್ನು ತಲೆಯ ಮೇಲೆ, ಒಂದನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆದು ಹೋಗುತ್ತಿದ್ದಳು. ಮದುವೆಯಾಗಿ ಆ ಊರಿಗೆ ಬಂದ ವರ್ಷದಿಂದ ತಪ್ಪಿಸಿರಲಿಲ್ಲವಂತೆ. "ನನ್ನ ರೊಟ್ಟಿ ಬಂದ ಮ್ಯಾಲನ ಪಂಗತಿ ಕೂಡ್ರಿಸ್ತಾರ ನೋಡು" ಎಂದು ನನಗೆ ಎಷ್ಟು ಸಲ ಹೇಳಿದ್ದಳೋ. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಊರಲ್ಲಿ ಇದ್ದ ಒಂದೇ ಒಂದು ಜಾಗ ಅದು. ಆ ಎರಡು ಬುಟ್ಟಿ ಹೊತ್ತು ಹೋಗುವಾಗ ಆಕೆಯ ನಡಿಗೆಯೇ ಬೇರೆ ಆಗುತ್ತಿತ್ತು.

ನಾನು ಅಲ್ಲಿಗೆ ಬಂದು ಐದು ತಿಂಗಳಿಗೆ ಕೆಲಸದ ಜಾಗದಲ್ಲೇ ತಲೆ ತಿರುಗಿ ಬಿದ್ದೆ. ಕಾರ್ಖಾನೆಯವರು ಆಯಿಗೆ ಫೋನು ಮಾಡಿದರು, ಆಕೆಯೇ ನನ್ನನ್ನು ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಚೀಟಿ ನೋಡಿ ತಲೆ ಅಲ್ಲಾಡಿಸಿದರು. ನನ್ನ ಮೈಯಲ್ಲಿ ರಕ್ತವೇ ಇರಲಿಲ್ಲ. ಕೊಟ್ಟ ಗುಳಿಗೆ ಅಲ್ಲೇ ವಾಂತಿಯಾಯಿತು. ದಿನಾ ಗುಳಿಗೆ ಡಬ್ಬಿಗೆ ತುಂಬುವವಳಿಗೆ ಗುಳಿಗೆಯೇ ಆಗಿಬರಲಿಲ್ಲ.

"ಮುಂಜಾನೆ ಏನು ತಿಂತಿ?" ಎಂದು ಕೇಳಿದರು.

"ಚಾ ಕುಡದು ಹೋಗ್ತೀನ್ರಿ."

"ಗುಳಿಗಿ ಬದಲಾಯಿಸಿ ಕೊಡ್ತೀನಿ. ಆದರ ಖಾಲಿ ಹೊಟ್ಟೀಲೆ ಹೋಗೂದು ಬಿಡು. ದಿನಾ ಎರಡು ತತ್ತಿ, ಹಸರು ಪಲ್ಲೆ, ಗಜ್ಜರಿ, ಟಮಾಟಿ ಎಲ್ಲಾ ಕೂಡಿಸಿ ಮಾಡ್ಕೊ. ಮ್ಯಾಲ ಲಿಂಬಿ ಹಿಂಡ್ಕೊ. ಹತ್ತು ನಿಮಿಷದ ಕೆಲಸ."

ತತ್ತಿ ಎಂದಾಗ ಆಯಿ ಕಿಟಕಿಯ ಕಡೆ ನೋಡಿದಳು. ಮನೆಗೆ ಬಂದ ಮೇಲೆ ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಖೋಲಿ ಬಿಡು ಅನ್ನುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟುತ್ತಿದ್ದೆ.

ನಾಲ್ಕನೆಯ ದಿನ ಕೆಲಸದಿಂದ ಬಂದರೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸಣ್ಣ ಒಲೆ ಇಟ್ಟಿತ್ತು. ಅದರ ಮೇಲೆ ಹೊಸ ಕಬ್ಬಿಣದ ಬಾಣಲಿ. ಒಂದು ಕಟ್ಟಿಗೆಯ ಸೌಟು, ಒಂದು ತಟ್ಟೆ, ಉಪ್ಪಿಗೆ ಬೇರೆ ಡಬ್ಬಿ.

"ಹೊಸ್ತಲ ದಾಟಿ ಬರಬಾರದು ಅಂದಿದ್ದೆ" ಎಂದಳು ಆಯಿ. "ಹಿತ್ತಲಕ ಹೊಸ್ತಲ ಇಲ್ಲ."

ನಾನೇ ಮಾಡಿಕೊಳ್ಳುತ್ತೇನೆ ಎಂದೆ. "ನೀ ಏಳೂದು ಕಾರ್ಖಾನಿ ಬಸ್ಸು ಹಾರ್ನ್ ಹೊಡದ ಮ್ಯಾಲ. ಖೋಡಿ, ಮಾರಿ ನೋಡ್ಕೊ ಕನ್ನಡ್ಯಾಗ, ಸುಣ್ಣ ಬಳದಂಗ ಆಗ್ಯಾದ. ಒಡಿಯೂದು ಹ್ಯಾಂಗ ಅಷ್ಟು ತೋರಸು" ಎಂದಳು.

ತೋರಿಸಿದೆ. ಆಕೆ ಸೆರಗಿನಿಂದ ಮೂಗು ಮುಚ್ಚಿ ಕಟ್ಟಿಕೊಂಡು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಕುಪ್ಪಸದ ಒಳಗೆ ಸರಿಸಿ, ಮೊದಲ ತತ್ತಿಯನ್ನು ತೆಂಗಿನಕಾಯಿ ಒಡೆದಂತೆ ಕಲ್ಲಿಗೆ ಕುಟ್ಟಿದಳು. ಅದು ಕಲ್ಲಿನ ಪಾಲಾಯಿತು. ನಾನು ನಕ್ಕು ನಕ್ಕು ಅಲ್ಲೇ ಕೂತೆ. ಆಯಿ ಮಾತ್ರ ನಗಲಿಲ್ಲ. ಎರಡನೆಯದು ಬಾಣಲಿಗೆ ಬಿತ್ತು, ಸಿಪ್ಪೆ ಸಮೇತ.

ಒಂದು ವಾರದಲ್ಲಿ ಕಲಿತಳು. ಕಾಯಿಪಲ್ಲೆಯ ವಿಷಯದಲ್ಲಿ ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಗಜ್ಜರಿ ಎಲ್ಲವನ್ನೂ ಸಣ್ಣಗೆ ಹೆಚ್ಚಿ ಇಟ್ಟುಕೊಳ್ಳುತ್ತಿದ್ದಳು. ಸೈದಾಪುರ ಸ್ಟೇಷನ್ನಿಗೆ ಮುಂಜಾನೆಯ ಗಾಡಿ ಬಂದ ಸಪ್ಪಳವಾದ ಕೂಡಲೇ ಎಣ್ಣೆಗೆ ಉಳ್ಳಾಗಡ್ಡಿ. ಅದು ಕೆಂಪಗಾಗುವ ಮೊದಲೇ ಗಜ್ಜರಿ, ಟಮಾಟಿ. ಆಮೇಲೆ ಮೆಂತ್ಯೆಯೋ ರಾಜಗಿರಿಯೋ ಒಂದು ಹಿಡಿ. ಗಾಡಿ ಹೊರಟ ಸಪ್ಪಳ ಕೇಳಿದರೆ ತತ್ತಿ. ಮೇಲೆ ತಟ್ಟೆ ಮುಚ್ಚಿ, ಕಣ್ಣು ಮುಚ್ಚಿ ಹನ್ನೊಂದು ಸಲ ಓಂ ನಮಃ ಶಿವಾಯ ಎನ್ನುತ್ತಿದ್ದಳು. ಹನ್ನೊಂದು ಮುಗಿದರೆ ತತ್ತಿ ಹದವಾಗಿ ಬೆಂದಿರುತ್ತಿತ್ತು.

"ಆಯಿ, ತತ್ತಿ ಮುಂದ ಶಿವನ ಹೆಸರು ಹೇಳ್ತೀರಲ್ರಿ" ಎಂದು ಕಾಡಿಸಿದ್ದೆ.

"ಅದು ನಿನ್ನ ರಗತಕ್ಕ ಹೇಳೂದು ಬೇ. ತತ್ತಿಗಲ್ಲ."

ನಿನ್ನೆಯ ಜೋಳದ ರೊಟ್ಟಿಯ ಜೊತೆ ಅದನ್ನು ತಿಂದು ನಾನು ಬಸ್ಸಿಗೆ ಓಡುತ್ತಿದ್ದೆ. ಅವಳು ಬಾಣಲಿ ಉಜ್ಜಿ ಹಿತ್ತಿಲ ಗೋಡೆಯ ಮೊಳೆಗೆ ತೂಗುಹಾಕಿ, ತಲೆಯ ಮೇಲಿಂದ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟ ಮೇಲೆಯೇ ಒಳಗೆ ಹೋಗಿ ಪೂಜೆಗೆ ಕೂರುತ್ತಿದ್ದಳು. ಸೋಮವಾರ ಮಾತ್ರ ಆ ಒಲೆ ಹಚ್ಚುತ್ತಿರಲಿಲ್ಲ. ಅವತ್ತು ನನಗೆ ಚುರಮುರಿ ಸೂಸಲಾ. ಥಂಡಿಯ ದಿನಗಳಲ್ಲೂ ಹೀಗೆಯೇ ಜಳಕ ಮಾಡುವುದು ನೋಡಿ ನನಗೆ ಕೆಡುಕೆನಿಸಿತು. ಇಷ್ಟೆಲ್ಲ ಯಾಕೆ ಎಂದು ಕೇಳಿದೆ.

"ಕೈ ತೊಳದ್ರ ಹೋಗ್ತಾದ" ಎಂದಳು. "ನಾಲಿಗಿ ತೊಳದ್ರ ಹೋಗಂಗಿಲ್ಲ. ಅದೊಂದು ನಾ ಕಾಯ್ಕೊಂಡೀನಿ. ಅದು ಕೆಟ್ಟ ದಿನ ಮಠಕ್ಕ ರೊಟ್ಟಿ ಒಯ್ಯೂ ಹಕ್ಕ ಇಲ್ಲ ನನಗ."

ಅಷ್ಟು ಸ್ಪಷ್ಟವಾಗಿ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ನಾಲಿಗೆಗೆ ಇಡದೆ ಮಾಡುವ ಅಡುಗೆಗೆ ಉಪ್ಪಿನದೇ ತೊಂದರೆ. ಬೇರೆ ಅಡುಗೆಯಲ್ಲಿ ಆಯಿಯ ಕೈ ತಪ್ಪಿದ್ದೇ ಇಲ್ಲ. ಒಂದು ದಂಡು ಬಂದರೂ ಕಣ್ಣಳತೆಯಲ್ಲಿ ಉಪ್ಪು ಹಾಕಿ ಗೆಲ್ಲುವವಳು. ಆದರೆ ಈ ಬಾಣಲಿಯ ಮುಂದೆ ಆಕೆಯ ಅಂದಾಜು ಕೈ ಕೊಡುತ್ತಿತ್ತು. ಪಲ್ಲೆ ಬಾಡಿ ಒಂದು ಮುಷ್ಟಿಯಾಗುತ್ತಿತ್ತು, ತತ್ತಿ ಉಪ್ಪನ್ನು ನುಂಗುತ್ತಿತ್ತು. ತತ್ತಿ ಹಾಕುವ ಮೊದಲೇ ಪಲ್ಲೆಯ ರುಚಿ ನೋಡಬಹುದಿತ್ತು ನಿಜ. ಆದರೆ ಬಾಣಲಿ, ಸೌಟು ಎರಡೂ ತತ್ತಿಯವು. ಅವು ಮುಟ್ಟಿದ್ದು ಆಕೆಯ ಬಾಯಿಗೆ ಹೋಗುವಂತಿರಲಿಲ್ಲ. ಒಂದು ದಿನ ಸಪ್ಪೆ, ಒಂದು ದಿನ ಬಾಯಿಗಿಡಲಾರದಷ್ಟು ಉಪ್ಪು. ತಟ್ಟೆ ಇಟ್ಟು ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

"ಉಪ್ಪು ಸರಿ ಆಗ್ಯಾದೇನು?"

"ಸರಿ ಆಗ್ಯಾದ್ರಿ ಆಯಿ."

ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಆರು ತಿಂಗಳು ನಾನು ಈ ಸುಳ್ಳು ಹೇಳಿದೆ. ಅಂಥ ಕಷ್ಟದ ಸುಳ್ಳೇನೂ ಅಲ್ಲ ಅದು. ಸಪ್ಪೆಯಾದ ದಿನ ಉಪ್ಪಿನಕಾಯಿ ಕೇಳುತ್ತಿದ್ದೆ, ಉಪ್ಪಾದ ದಿನ ರೊಟ್ಟಿ ಹೆಚ್ಚು ಮುರಿದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಗೆಳತಿಯರಿಗೆ ಇದನ್ನು ಹೇಳಿ ನಗಿಸುತ್ತಲೂ ಇದ್ದೆ.

ಆಮೇಲೆ ಆ ಬೇಸಿಗೆ ಬಂತು.

ಕಾರ್ಖಾನೆಯಲ್ಲಿ ನಮ್ಮ ತಂಡದ ಕೆಲವರನ್ನು ಕಾಯಂ ಮಾಡುವ ಮಾತು ನಡೆದಿತ್ತು. ನನ್ನ ಹೆಸರು ಇದ್ದೇ ಇರುತ್ತದೆ ಎಂದುಕೊಂಡಿದ್ದೆ, ಊರಿಗೂ ಫೋನು ಮಾಡಿ ಹೇಳಿದ್ದೆ. ಪಟ್ಟಿಯಲ್ಲಿ ಇರಲಿಲ್ಲ. ಜಡ್ಡು ಬಿದ್ದು ರಜೆ ಹಾಕಿದ್ದೇ ಕಾರಣ ಎಂದರು. ಮಾರನೆಯ ದಿನ ಎದ್ದಾಗ ಕಣ್ಣು ಉರಿಯುತ್ತಿತ್ತು. ಹೊತ್ತೂ ಮೀರಿತ್ತು. ಆಯಿ ಒಲೆಯ ಮುಂದೆ ಕೂತಿದ್ದಳು, ತಟ್ಟೆ ಕಲ್ಲಿನ ಮೇಲಿತ್ತು. ಒಂದು ತುತ್ತು ಬಾಯಿಗಿಟ್ಟೆ. ಸಮುದ್ರದ ಉಪ್ಪೆಲ್ಲ ಅದರಲ್ಲೇ ಇತ್ತು.

"ಸರಿ ಆಗ್ಯಾದೇನು?" ಎಂದಳು ಆಯಿ.

"ಬಾಯಿಗಿಟ್ಟು ನೋಡಲಾರದವ್ರು ಅಡಗಿ ಯಾಕ ಮಾಡಬೇಕ್ರಿ?" ಎಂದೆ. "ಆರು ತಿಂಗಳಾತು ಇದನ್ನ ನುಂಗಾಕತ್ತೀನಿ. ನಾಯಿ ಸೈತ ಮುಟ್ಟಂಗಿಲ್ಲ ಇದನ್ನ."

ಹೇಳಿ ತಟ್ಟೆಯನ್ನು ನೂಕಿದೆ. ಅದು ಹೋಗಿ ಬಾಣಲಿಗೆ ತಾಗಿತು, ಬಾಣಲಿ ಒಲೆಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಕಿವಿ ಮುರಿದದ್ದು ಆಗ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು, ನಾನು ಓಡಿದೆ. ತಿರುಗಿ ನೋಡಿದ್ದರೆ ಆಯಿಯ ಮುಖ ಹೇಗಿತ್ತು ಎಂದಾದರೂ ಈಗ ಹೇಳಬಹುದಿತ್ತು… ನೋಡಲಿಲ್ಲ.

ಸಂಜೆ ಬರುವಾಗ ಬಾಳೆಹಣ್ಣು ತಂದೆ. ಆಯಿ ಎಂದಿನಂತೆಯೇ ಇದ್ದಳು. ರೊಟ್ಟಿ ಹಾಕಿದಳು, ಬದನೆಕಾಯಿ ಪಲ್ಲೆ ಹಾಕಿದಳು, ನಾಳೆ ನೀರು ಬಿಡುತ್ತಾರಂತೆ ಎಂದಳು. ಮಾಫಿ ಕೇಳಿದೆನೇ? ಇಲ್ಲ. ಬಾಳೆಹಣ್ಣು ತಂದೆನಲ್ಲ, ಅದೇ ಆಯಿತು ಎಂದುಕೊಂಡೆ.

ಮರುದಿನ ಮುಂಜಾನೆ ಹಿತ್ತಿಲಿಗೆ ಬಂದಾಗ ಆಯಿ ನೀರಿನ ಬಾನಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಂತು ಬಾಯಿ ಮುಕ್ಕಳಿಸುತ್ತಿದ್ದಳು. ಬಹಳ ಹೊತ್ತು ಮುಕ್ಕಳಿಸಿದಳು. ಈಗಷ್ಟೇ ಎದ್ದಿರಬೇಕು ಎಂದುಕೊಂಡೆ. ಅಡುಗೆ ಮಾಡಿ ಮುಗಿಸಿದವಳು ಈಗಷ್ಟೇ ಹೇಗೆ ಎದ್ದಾಳು ಎಂದು ನನಗೆ ಹೊಳೆಯಲಿಲ್ಲ. ತಟ್ಟೆ ತೆಗೆದುಕೊಂಡೆ. ಉಪ್ಪು ಕರೆಕ್ಟಾಗಿತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅವತ್ತಿನಿಂದ ಒಂದು ದಿನವೂ ತಪ್ಪಲಿಲ್ಲ. ಅವತ್ತಿನಿಂದ ಸರಿ ಆಗ್ಯಾದೇನು ಎಂದು ಆಯಿ ಕೇಳಲೂ ಇಲ್ಲ.

"ಕೈ ಕುಂತದಲ್ರಿ ಆಯಿ, ಈಗ" ಎಂದೆ ಒಂದು ದಿನ, ಬೆರಳು ನೆಕ್ಕುತ್ತ.

"ಹ್ಞೂಂ. ಕುಂತದ."

ಮುಂದಿನ ಸೋಮವಾರ ರೊಟ್ಟಿಯ ಬುಟ್ಟಿಗಳು ಮೂಲೆಯಲ್ಲೇ ಇದ್ದವು. ರಟ್ಟೆ ನೋವು ಎಂದಳು. ಮಂಗಳವಾರ ಖಾನಾವಳಿಗೆ ಎಂದಿನಷ್ಟೇ ರೊಟ್ಟಿ ಬಡಿದಳು. ಅದರ ಮುಂದಿನ ಸೋಮವಾರವೂ ರಟ್ಟೆ ನೋವು. ಕೊರಳಲ್ಲಿ ಕಾಣುತ್ತಿದ್ದ ಲಿಂಗದ ಬಿಳಿ ದಾರ ಕಾಣದಾಯಿತು. ಮುಚ್ಚಿದ ತಟ್ಟೆಯ ಮುಂದೆ ಹನ್ನೊಂದು ಸಲ ಹೆಸರು ಹೇಳುವುದೂ ನಿಂತಿತು, ಸುಮ್ಮನೆ ಅಂದಾಜಿನಲ್ಲಿ ತೆಗೆಯುತ್ತಿದ್ದಳು. ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆಯಿತು. ನಾನು ತಿನ್ನುತ್ತಿದ್ದೆ, ಬಸ್ಸಿಗೆ ಓಡುತ್ತಿದ್ದೆ. ಒಂದು ದಿನವಾದರೂ ಕೂತು, ಯಾಕೆ ಆಯಿ, ಏನಾಯಿತು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಉಪ್ಪು ಸರಿಯಾಗಿತ್ತಲ್ಲ, ನನಗೆ ಇನ್ನೇನು ಬೇಕಿತ್ತು?

ನನ್ನ ಮೈಗೆ ರಕ್ತ ಬಂತು. ಮುಂದಿನ ಸಲ ಡಾಕ್ಟರಮ್ಮ ಚೀಟಿ ನೋಡಿ ನಕ್ಕರು. ಅದನ್ನು ಹೇಳಿದ ದಿನ ಆಯಿ ತನ್ನ ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದು ನೋಡಿದಳು. ಹಿಟ್ಟಿನ ಕೈ, ಒರಟು.

"ಮಾರಿ ಕೆಂಪಾಗ್ಯಾದ" ಎಂದಳು. "ಸಾಕು ಬಿಡು."

ಅದರಲ್ಲಿ ಸಾಕು ಎಂದದ್ದು ಯಾವುದಕ್ಕೆ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ.

ಮುಂದೆ ಒಂದು ವರ್ಷಕ್ಕೆ ಮದುವೆ ಗೊತ್ತಾಯಿತು. ನನ್ನವರು ಶಹಾಪುರದ ಕಡೆಯವರು, ದೋರನಹಳ್ಳಿ. ಯಾದಗಿರಿಯಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟಿದ್ದಾರೆ. ಖೋಲಿ ಬಿಡುವ ದಿನ ಆಯಿ ಗೋಡೆಯ ಮೊಳೆಯಿಂದ ಬಾಣಲಿ ಇಳಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿ ಇಟ್ಟಳು.

"ಇಲ್ಲಿ ಯಾರಿಗಿ ಬೇಕು ಇದು. ಹೊಟ್ಟಿ ಖಾಲಿ ಇಟ್ಕೊಂಡು ಇರಬ್ಯಾಡ. ಮಕ್ಕಳಿಗೂ ಹಾಕು."

ಆಮೇಲೆ ಒಂದೇ ಸಲ ಹೋಗಿ ಬಂದೆ, ಮಗಳ ಜಾವಳ ತೆಗೆಸಿದ ಮೇಲೆ. ಆಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೇ ಇದ್ದಳು. ಕೊರಳು ಆಗಲೂ ಬರಿದೇ. ಈ ವರ್ಷ ಬರುತ್ತೇನೆ, ದೀಪಾವಳಿಗೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದೆ… ಯಾದಗಿರಿಯಿಂದ ಸೈದಾಪುರ ಏನು ದೂರ? ಗಾಡಿ ಹತ್ತಿದರೆ ಆಯಿತು. ಹತ್ತಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಗಿರಣಿ ಅಕ್ಕನ ಫೋನು ಬಂತು. ಆಯಿಯ ಹಿತ್ತಿಲಿಗೆ ಹೊಂದಿಯೇ ಅವರ ಹಿಟ್ಟಿನ ಗಿರಣಿ, ನಡುವೆ ಎದೆಮಟ್ಟದ ಗೋಡೆ. ಆಯಿಗೆ ಆಪ್ತಳೆಂದರೆ ಅವಳೊಬ್ಬಳೇ. "ಆಯಿ ಹೋದ್ಳು ಬೇ. ನಿನ್ನಿ ಮಣ್ಣ ಮಾಡಿ ಬಂದೀವಿ. ನಿನ್ನ ನಂಬರ ಈಗ ಸಿಕ್ತು" ಎಂದಳು.

ಸಂಜೆಯ ಹೊತ್ತಿಗೆ ಹೋಗಿ ಮುಟ್ಟಿದೆ. ಮನೆಗೆ ಬೀಗ ಹಾಕಿತ್ತು. ಗಿರಣಿ ಅಕ್ಕ ನನ್ನನ್ನು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಬಾಣಲಿ ತೂಗುತ್ತಿದ್ದ ಮೊಳೆ ಗೋಡೆಯಲ್ಲಿ ಹಾಗೇ ಇತ್ತು. ಅದನ್ನೇ ನೋಡುತ್ತಿದ್ದೆ. ಅಕ್ಕ ಕೇಳಿದಳು.

"ಅಕಿ ಬಾಯಿಗಿಟ್ಟು ನೋಡ್ತಿದ್ಲು, ನಿನಗ ಗೊತ್ತಿತ್ತೇನು?"

ನನಗೆ ಕೂಡಲೇ ಅರ್ಥವಾಯಿತು. ಒಳಗೆ ಎಲ್ಲೋ ಮೊದಲೇ ಅರ್ಥವಾಗಿದ್ದಿರಬೇಕು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ನೀ ಬಾಣಲಿ ಕೆಡವಿ ಹೋದಿ ನೋಡು, ಅದರ ಮರುದಿನ. ನಾ ಈ ಗ್ವಾಡಿ ಆಚಿ ನಿಂತಿದ್ದೆ. ಅಕಿ ಕಣ್ಣ ಮುಚ್ಚಿ ಸೌಟಿನ ತುದಿ ನಾಲಿಗಿಗಿ ಹಚ್ಕೊಂಡ್ಲು. ಉಗುಳಿದ್ಲು, ಜರಾ ಉಪ್ಪು ಹಾಕಿದ್ಲು, ಮತ್ತ ಹಚ್ಕೊಂಡ್ಲು. ಆಮ್ಯಾಲ ಬಾಯಿ ತೊಳದ್ಲು, ತೊಳದ್ಲು, ತೊಳದ್ಲು. ನೀ ಬಸ್ಸಿಗಿ ಹೋದ ಮ್ಯಾಲ ಈ ಕಲ್ಲಿನ ಮ್ಯಾಲನ ಕುಂತು ಅತ್ಲು. ಯಾಕ ಹಿಂಗ ಮಾಡಿದ್ರಿ ಆಯಿ ಅಂದೆ. 'ಹುಡುಗಿ ಖರೇನ ಹೇಳ್ಯಾಳ, ಬಾಯಿಗಿಡಲಾರದ ಮಾಡಿದ್ದು ಅಡಗಿ ಅಲ್ಲ' ಅಂದ್ಲು."

ಅವತ್ತೇ ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲೆ ಇಟ್ಟಳಂತೆ. ಅಲ್ಲಿಂದ ಮುಂದೆ ಅದನ್ನು ಮುಟ್ಟಲಿಲ್ಲ, ದೂರ ಕೂತು ಕೈ ಮುಗಿಯುತ್ತಿದ್ದಳಂತೆ. ಮಠದಲ್ಲಿ ಯಾರೂ ಆಕೆಯನ್ನು ಬರಬೇಡ ಅಂದಿರಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ, ಅಕ್ಕ ಬಾಯಿ ಬಿಟ್ಟಿರಲಿಲ್ಲ. ಮಠದ ಸ್ವಾಮಿಗಳೇ ಎರಡು ಸಲ ಮನೆಗೆ ಬಂದು, ಸೋಮವಾರದ ರೊಟ್ಟಿ ಯಾಕೆ ಬರುತ್ತಿಲ್ಲ ಎಂದು ಕೇಳಿ ಹೋದರಂತೆ. ರಟ್ಟೆ ನೋವು ಎಂದು ಕಳಿಸಿದಳಂತೆ.

"ನಾ ಎಷ್ಟು ಹೇಳ್ದೆ" ಎಂದಳು ಗಿರಣಿ ಅಕ್ಕ. "ಸ್ವಾಮಿಗಳ ಮುಂದ ಹೇಳಿಬಿಡ್ರಿ, ಏನರೆ ಪ್ರಾಯಶ್ಚಿತ್ತ ಕೊಡ್ತಾರ, ಮುಗೀತು. 'ಪ್ರಾಯಶ್ಚಿತ್ತ ಮಾಡ್ಕೊಂಡು ಬಂದು ನಾಳಿ ಮುಂಜಾನಿ ಮತ್ತ ಬಾಯಿಗಿಟ್ಟು ನೋಡಬೇಕಲ್ಲವಾ' ಅಂದ್ಲು. ನೀ ಲಗ್ನಾಗಿ ಹೋದ ಮ್ಯಾಲರೆ ಲಿಂಗ ಕಟ್ಕೋರಿ ಅಂದೆ. 'ಅಷ್ಟು ದಿನ ಹಚ್ಚಿದ ನಾಲಿಗಿ, ಈಗ ಯಾವ ಮಾರಿ ಇಟ್ಕೊಂಡು ಹೋಗಲಿ' ಅಂದ್ಲು."

"ನನಗ ಒಂದು ಮಾತು ಹೇಳಬೇಕಿತ್ತಲ್ಲ ಅಕ್ಕಾ."

"ಹೇಳಿದ್ರ ನೀ ತಿಂತಿದ್ದೇನು?"

ತಿನ್ನುತ್ತಿರಲಿಲ್ಲ. ಆಯಿಗೆ ಅದು ಗೊತ್ತಿತ್ತು.

ನಮ್ಮ ಕಡೆ ಲಿಂಗ ಕಟ್ಟಿದವರನ್ನು ಮಣ್ಣು ಮಾಡುವಾಗ ಅವರ ಲಿಂಗವನ್ನು ಎಡಗೈಯಲ್ಲಿ ಇಟ್ಟು ಕಳಿಸುತ್ತಾರೆ. ತನ್ನ ಕೈಯಲ್ಲಿ ಇಡಬೇಡಿ ಎಂದು ಆಯಿ ಗಿರಣಿ ಅಕ್ಕನಿಗೆ ಹೇಳಿಟ್ಟಿದ್ದಳಂತೆ. ಅದನ್ನು ಹೇಳುವಾಗ ಅಕ್ಕನ ದನಿ ಇಳಿಯಿತು.

"ಇಟ್ರೋ ಇಲ್ಲೋ?" ಎಂದೆ.

"ಇಟ್ಟೆ. ಇಡಲಾರದ ಬಿಡ್ತೀನೇನು? ಯಾರೂ ಇಲ್ಲದ್ದು ನೋಡಿ ಜಗಲಿ ಮ್ಯಾಲಿಂದ ನಾನ ತಂದೆ. ಬೆರಳ ಬಿಗಿ ಆಗಿದ್ವು. ಒಂದೊಂದ ಬಿಡಸಿ, ಇಟ್ಟು, ಮತ್ತ ಮಡಚಿದೆ… ಅಕಿ ಇದ್ದಿದ್ರ ಬಾಳ ಬೈತಿದ್ಲು ನನಗ."

ಆ ಕಲ್ಲಿನ ಮೇಲೆ ಕೂತು ಅತ್ತೆ. ನನ್ನ ಮೈಯಲ್ಲಿ ಈಗ ಹರಿಯುವ ರಕ್ತ, ನನ್ನ ಮಗಳ ಮೈಯಲ್ಲಿ ಹರಿಯುವ ರಕ್ತ ಆ ಸೌಟಿನ ತುದಿಯಿಂದ ಬಂದದ್ದು. ಅದಕ್ಕೆ ಬದಲಾಗಿ ಆಯಿ ಕೊಟ್ಟದ್ದು ತನ್ನ ದೇವರನ್ನು, ತನ್ನ ಸೋಮವಾರಗಳನ್ನು, ಎರಡು ಬುಟ್ಟಿ ಹೊತ್ತು ನಡೆಯುವ ಆ ನಡಿಗೆಯನ್ನು. ಯಾರೂ ಕಸಿದುಕೊಳ್ಳಲಿಲ್ಲ ಎನ್ನುತ್ತಾಳೆ ಅಕ್ಕ. ನಾನು ಕಸಿದುಕೊಂಡೆ. ಆರು ತಿಂಗಳು ಹೇಳಿದ ಸುಳ್ಳನ್ನು ಇನ್ನೂ ಒಂದು ದಿನ ಹೇಳಿದ್ದರೆ ಆಗುತ್ತಿತ್ತು. ಒಂದು ಲೋಟ ನೀರು ಕುಡಿದು, ಸರಿ ಆಗ್ಯಾದ್ರಿ ಆಯಿ ಎಂದು ಬಸ್ಸು ಹತ್ತಿದ್ದರೆ ಆಗುತ್ತಿತ್ತು. ಸತ್ತವರ ಹತ್ತಿರ ಮಾಫಿ ಕೇಳಲು ಬಾಳೆಹಣ್ಣು ಒಯ್ಯುವ ಹಾಗೂ ಇಲ್ಲ.

ಇವತ್ತು ಮುಂಜಾನೆ ಇಷ್ಟೆಲ್ಲ ಆ ವಾಸನೆಯಲ್ಲಿ ಬಂದು ಹೋಯಿತು. ಎಚ್ಚರವಾದಾಗ ತತ್ತಿಯ ಅಂಚು ಸೀಯತೊಡಗಿತ್ತು. ಗಡಿಬಿಡಿಯಲ್ಲಿ ಇಳಿಸಿ, ಲಿಂಬೆ ಹಿಂಡಿ, ರೊಟ್ಟಿಯ ಜೊತೆ ಮಗಳ ಮುಂದೆ ಇಟ್ಟೆ. ಅವಳಿಗೆ ಏಳು ವರ್ಷ. ಎರಡು ಜಡೆಗೂ ರಿಬ್ಬನ್ನು ಕಟ್ಟಿಕೊಂಡು, ಚೀಲ ಬೆನ್ನಿಗೆ ಹಾಕಿಕೊಂಡೇ ಕೂತಿದ್ದಳು. ಮೊದಲ ತುತ್ತು ತಿಂದು ನನ್ನ ಮುಖ ನೋಡಿದಳು.

"ಯಾಕವ್ವಾ, ಕಣ್ಣಾಗ ನೀರು?"

"ಉಳ್ಳಾಗಡ್ಡಿ ಹೆಚ್ಚೀನಿ."

ಅವಳು ಇನ್ನೊಂದು ತುತ್ತು ತಿಂದಳು. ನಾನು ಎಂದೂ ಕೇಳದವಳು ಇವತ್ತು ಕೇಳಿದೆ.

"ಉಪ್ಪು ಸರಿ ಆಗ್ಯಾದೇನು?"

"ಹ್ಞೂಂ. ಸರಿ ಆಗ್ಯಾದ."

ಪೂರ್ತಿ ತಿಂದಳು. ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿ ತಿಂದಳು. ಆಟೋ ಬಂತು, ಕೈ ಬೀಸಿ ಹೋದಳು. ನಾನು ಬಂದು ಬಾಣಲಿಯಲ್ಲಿ ಉಳಿದದ್ದನ್ನು ಕೆರೆದು ಬಾಯಿಗೆ ಹಾಕಿಕೊಂಡೆ. ಅದರಲ್ಲಿ ಉಪ್ಪೇ ಇರಲಿಲ್ಲ. ಉಪ್ಪಿನ ಡಬ್ಬಿಯ ಮುಚ್ಚಳವನ್ನೇ ನಾನು ತೆಗೆದಿರಲಿಲ್ಲ.

ಏಳು ವರ್ಷದ ಹುಡುಗಿ ಅದನ್ನು ಸರಿ ಆಗ್ಯಾದ ಎಂದು ಹೇಳಿ ತಿಂದು ಹೋಗಿದ್ದಳು. ಆ ಒಂದು ಮುಂಜಾನೆ ನನ್ನಿಂದ ಅಷ್ಟು ಆಗಲಿಲ್ಲ.